ಮಾಳಿಗೆಯ ಮೇಲಿನ ಗುಡಾರ

"ಅಮ್ಮಿ, ಈ ಸಲ ಗುಡಾರ ನಾವೇ ತರಬೇಕಂತೆ."

ದಸ್ತರಖಾನಿನ ಸುತ್ತ ಕುಳಿತಿದ್ದ ನಮ್ಮೆಲ್ಲರ ಕೈ ಒಂದು ಕ್ಷಣ ತಟ್ಟೆಯಲ್ಲೇ ನಿಂತಿತು. ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಅಕ್ಟೋಬರ್ ರಜೆಯಲ್ಲಿ ಶರಾವತಿ ಹಿನ್ನೀರಿನಲ್ಲಿ ಮೂರು ದಿನ ಕಯಾಕ್ ನಡೆಸುವುದು, ರಾತ್ರಿ ದಡದಲ್ಲಿ ತಂಗುವುದು ಎಂದು ಕಾಲೇಜಿನ ಹುಡುಗಿಯರು, ಇಬ್ಬರು ಮೇಡಂಗಳು ಸೇರಿ ತೀರ್ಮಾನಿಸಿದ್ದರು. ನನ್ನ ಅಣ್ಣನ ಮಗಳೂ ಜೊತೆಗಿದ್ದಳು.

"ಮಲಗೋಕೆ ಮನೆ ಇಲ್ವೇನೇ ನಿಂಗೆ?" ಎಂದರು ಅತ್ತೆ. ನಮ್ಮ ಯಜಮಾನರು ಏನೂ ಮಾತಾಡಲಿಲ್ಲ. ಅವರು ಸುಮ್ಮನಾದರೆ ಅದು ಬೇಡ ಎಂದೇ ಅರ್ಥ.

ನಾನೂ ಸುಮ್ಮನಿದ್ದೆ. ಆದರೆ ನನ್ನ ಮನಸ್ಸು ಹಿಂದಕ್ಕೆ ಓಡಿತ್ತು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲ ಅದು. ನಮ್ಮದೇ ಜಿಲ್ಲೆಯಾದದ್ದು 1997ರಲ್ಲಿ. ನಾನು ಎಂಟನೇ ತರಗತಿಯಲ್ಲಿದ್ದಾಗ ಗೈಡ್ಸ್ ಹುಡುಗಿಯರನ್ನು ಕೊಂಡಜ್ಜಿಯ ಶಿಬಿರಕ್ಕೆ ಕರೆದೊಯ್ದಿದ್ದರು. ಹತ್ತಿರದ ಊರು. ಆದರೂ ಅಬ್ಬಾ ಕಳಿಸಲಿಲ್ಲ. ಅವರಿಗೆ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಗೆಳತಿಯರು ಮರಳಿ ಬಂದು ಕೆರೆ, ಗುಡ್ಡ, ಗುಡಾರಗಳ ಕಥೆ ಹೇಳಿದರು. ಹತ್ತಿಯ ದಪ್ಪ ಕ್ಯಾನ್ವಾಸಿನ ಗುಡಾರ ಹೊರಲು ನಾಲ್ಕು ಜನ ಬೇಕಿತ್ತಂತೆ. ಹತ್ತಿ ಗಿರಣಿಗಳ ಊರಿನಲ್ಲಿ, ಗಿರಣಿ ಕಾರ್ಮಿಕನ ಮಗಳಾಗಿ ಹುಟ್ಟಿದ ನಾನು ಹತ್ತಿ ಬಟ್ಟೆಯ ಆ ಮನೆಯೊಳಗೆ ಒಂದು ರಾತ್ರಿಯೂ ಮಲಗಲಿಲ್ಲ.

ಮರುವಾರ ನನ್ನ ಮೈದುನ ಎಲ್ಲಿಂದಲೋ ಅಗ್ಗದ ಒಂದು ಗುಡಾರ ತಂದುಕೊಟ್ಟರು. ಬಣ್ಣ ಚೆನ್ನಾಗಿತ್ತು. ಮಾಳಿಗೆಯ ಮೇಲೆ ಕಟ್ಟಿದೆವು. ಮಗಳ ಜೊತೆ ಅವಳ ಅಬ್ಬಾ ತಾವೇ ಹೋಗಿ ಮಲಗಿದರು. ಆಗಸ್ಟ್ ತಿಂಗಳ ಮಳೆ ನಡುರಾತ್ರಿ ಹಿಡಿಯಿತು. ಎರಡು ಗಂಟೆಗೆ ಇಬ್ಬರೂ ತೊಪ್ಪೆಯಾಗಿ ಕೆಳಗಿಳಿದು ಬಂದರು. ಮಗಳು ನಗುತ್ತಿದ್ದಳು. ಇವರು ನಗಲಿಲ್ಲ. "ಮನೆ ಮೇಲೇ ಹೀಗಾದರೆ ಕಾಡಿನಲ್ಲಿ ಏನು ಗತಿ?" ಎಂದು ಮಾತು ಮುಗಿಸಿದರು.

ಬೆಳಿಗ್ಗೆ ನಾನು ಆ ಗುಡಾರವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಬಟ್ಟೆ ಹೊಲಿಯುವವಳು ನಾನು. ಬಟ್ಟೆ ಸೋರಿರಲಿಲ್ಲ, ಹೊಲಿಗೆ ಸೋರಿತ್ತು. ಸೂಜಿ ಚುಚ್ಚಿದಲ್ಲೆಲ್ಲ ಒಂದೊಂದು ತೂತು. ಆ ತೂತುಗಳ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿರಲಿಲ್ಲ. ಇನ್ನೊಂದು ತಪ್ಪೂ ಕಂಡಿತು. ಅದು ಒಂದೇ ಪದರದ ಗುಡಾರ. ಇಬ್ಬರ ಉಸಿರಿನ ತೇವವೇ ತಣ್ಣನೆಯ ಬಟ್ಟೆಗೆ ತಗುಲಿ ಹನಿಯಾಗಿ ಇಳಿದಿತ್ತು. ಅನ್ನದ ಪಾತ್ರೆಯ ಮುಚ್ಚಳದಲ್ಲಿ ನೀರು ಕೂರುತ್ತದಲ್ಲ, ಹಾಗೆ.

ಆಗ ನನಗೆ ಛಲ ಹುಟ್ಟಿತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಒಂದೊಂದನ್ನೇ ನೋಡಿದೆ.

ಮೊದಲು ತಿಳಿದದ್ದು, ಗುಡಾರ ಎರಡು ಪದರದ್ದಾಗಿರಬೇಕು ಎಂಬುದು. ಒಳಗೆ ಗಾಳಿಯಾಡುವ ಪದರ, ಹೊರಗೆ ಮಳೆ ತಡೆಯುವ ಪದರ, ನಡುವೆ ಒಂದು ಗೇಣಾದರೂ ಜಾಗ. ತೇವ ಹೊರಪದರಕ್ಕೆ ಕೂತರೂ ಮಲಗಿದವರ ಮೈಗೆ ತಾಗದು. ಬಟ್ಟೆಯ ಮೇಲೆ 1500 ಮಿ.ಮೀ., 3000 ಮಿ.ಮೀ. ಎಂದು ಬರೆದಿರುತ್ತಾರೆ. 1500 ಎಂದರೆ ಒಂದೂವರೆ ಮೀಟರ್ ಎತ್ತರದ ನೀರಿನ ಭಾರವನ್ನು ಬಟ್ಟೆ ತಡೆಯುತ್ತದೆ ಎಂದರ್ಥ. ನೆಲದ ಬಟ್ಟೆಗೆ ಇದು ಇನ್ನೂ ಹೆಚ್ಚಿರಬೇಕು. ಒದ್ದೆ ನೆಲದ ಮೇಲೆ ನಮ್ಮ ಮೊಣಕಾಲು, ಮೊಣಕೈ ಒತ್ತುತ್ತವಲ್ಲ!

'ಇಬ್ಬರ ಗುಡಾರ' ಎಂಬ ಮಾತನ್ನು ನಂಬಬಾರದು. ಅಗಲ 130 ಸೆಂ.ಮೀ. ಇದ್ದರೆ ಒಬ್ಬೊಬ್ಬರಿಗೆ ಸಿಗುವುದು 65 ಮಾತ್ರ. ಚೀಲ ಇಡುವುದೆಲ್ಲಿ? ಇಬ್ಬರು ಹುಡುಗಿಯರಿಗೆ ಮೂವರ ಗುಡಾರವೇ ಸರಿ ಎನಿಸಿತು. ತೂಕ ಎರಡೂವರೆ ಕೆ.ಜಿ. ಒಳಗಿದ್ದರೆ ಹೊರೆಯಾಗದು, ಹಂಚಿಕೊಂಡು ಹೊರಬಹುದು. ಕಯಾಕಿನೊಳಗೆ ತೂಕಕ್ಕಿಂತ ಉದ್ದದ್ದೇ ತೊಂದರೆ. ಅದರ ಬಾಯಿ ಚಿಕ್ಕದು, ಉದ್ದನೆಯ ಕೋಲು ಒಳಗೆ ಹೋಗದು. ಆದ್ದರಿಂದ ಚಿಕ್ಕದಾಗಿ ಮಡಚುವ ಅಲ್ಯೂಮಿನಿಯಂ ಕೋಲುಗಳು. ಫೈಬರ್ ಕೋಲು ಮುರಿದರೆ ಸಿಬಿರು ಏಳುತ್ತದೆ. ಅಲ್ಯೂಮಿನಿಯಂ ಬಾಗಿದರೆ ಹೇಗಾದರೂ ರಾತ್ರಿ ಕಳೆಯಬಹುದು.

ಇನ್ನೊಂದು ವಿಷಯವನ್ನು ಯಾರೂ ಬರೆದಿರಲಿಲ್ಲ. ಹೆಣ್ಣುಮಕ್ಕಳ ತಾಯಿಗೇ ಹೊಳೆಯಬೇಕು. ಹಗುರ ಗುಡಾರಗಳ ಒಳಪದರ ಬಹುಮಟ್ಟಿಗೆ ಸೊಳ್ಳೆ ಪರದೆಯದ್ದೇ. ಸೆಕೆಗೆ ಹೊರಪದರ ತೆಗೆದು ಒಳಗೆ ಟಾರ್ಚ್ ಹಚ್ಚಿದರೆ ಹೊರಗಿನವರಿಗೆ ಎಲ್ಲ ಕಾಣುತ್ತದೆ. ಕೆಳಗಿನ ಅರ್ಧ ಬಟ್ಟೆ, ಮೇಲಿನ ಅರ್ಧ ಪರದೆ ಇರುವುದನ್ನೇ ಹುಡುಕಿದೆ. ಕುಳಿತು ಬಟ್ಟೆ ಬದಲಿಸಲು, ಮಳೆ ಬಂದರೆ ಒಳಗೇ ಕುಳಿತು ನಮಾಝ್ ಮಾಡಲು ತಲೆ ತಾಗದಷ್ಟು ಎತ್ತರ, ಕಡಿಮೆಯೆಂದರೆ ಒಂದು ಮೀಟರ್. ಒಬ್ಬರನ್ನೊಬ್ಬರು ದಾಟದಂತೆ ಎರಡು ಬಾಗಿಲು.

ಬೆಲೆ ಹತ್ತು ಸಾವಿರ ದಾಟಿತು. ಹಬ್ಬದ ಹೊಲಿಗೆಯಿಂದ ಉಳಿಸಿದ್ದ ಹಣ ಕೊಟ್ಟೆ. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಹೊಸ ಗುಡಾರ ಬಂದ ಮೇಲೆ ಹರಿಹರದ ತವರಿಗೆ ಹೋದೆವು. ಅಲ್ಲಿ ತುಂಗಭದ್ರೆಯ ದಡದಲ್ಲಿ ಅಣ್ಣನ ಪರಿಚಯದವರ ತೋಟವಿದೆ. ನಾನು ಚಿಕ್ಕವಳಿದ್ದಾಗ ನಾನಾ ಹರಿಗೋಲಿನಲ್ಲಿ ಹೊಳೆ ದಾಟಿಸಿದ್ದುಂಟು. ಬಿದಿರು ಹೆಣೆದ ದುಂಡು ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಬಂದಿದೆ. ಅಲ್ಲಿಯೂ ಪಾಠ ಇದೇ: ಹಗುರವಾಗಿರಬೇಕು, ನೀರು ಒಳಗೆ ಬರಬಾರದು.

ಮಗಳು ಹೊಳೆಯಂಚಿನ ಮರಳಿನ ಮೇಲೆ ಗುಡಾರ ಹಾಕಹೊರಟಳು. ಅಣ್ಣ ತಡೆದರು. "ಬೇಟಿ, ಇಲ್ಲಿ ಬಿಸಿಲಿದ್ದರೂ ಮಲೆನಾಡಲ್ಲಿ ಮಳೆಯಾಗಿರುತ್ತೆ. ಮೇಲಿಂದ ನೀರು ಬಿಟ್ಟರೆ ಹೊಳೆ ಹೇಳಿ ಕೇಳಿ ಏರಲ್ಲ" ಎಂದರು. ಹರಿಹರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡವರು ಅವರು. ಗುಡಾರ ದಿಬ್ಬಕ್ಕೇರಿತು. ಒಂಟಿ ಮರದ ಕೆಳಗೆ ಬೇಡ, ಒಳಗೆ ಒಲೆ ಹಚ್ಚಲೇಬಾರದು, ಲೈಫ್ ಜಾಕೆಟ್ ಇಲ್ಲದೆ ಹುಟ್ಟು ಮುಟ್ಟಬಾರದು ಎಂದೆಲ್ಲ ಹೇಳಿದರು. ಮರಳಿನಲ್ಲಿ ಗೂಟ ನಿಲ್ಲದಿದ್ದರೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳುವುದನ್ನೂ ತೋರಿಸಿಕೊಟ್ಟರು.

ಇವರು ದೂರ ನಿಂತು ಎಲ್ಲ ಕೇಳುತ್ತಿದ್ದರು. ಆಮೇಲೆ ತೋಟದ ಪೈಪು ಎಳೆದು ತಂದು ಗುಡಾರದ ಮೇಲೆ ಅರ್ಧ ಗಂಟೆ ನೀರು ಬಿಟ್ಟರು. ಒಳಗೆ ಕೈಯಾಡಿಸಿ ನೋಡಿದರು. ಒಣಗಿತ್ತು.

"ಹೋಗಿ ಬಾ" ಎಂದರು.

ಆ ಮೂರು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಎರಡನೇ ರಾತ್ರಿ ಇಲ್ಲಿಯೂ ಗುಡುಗು. ಇವರು ಎದ್ದು ಕಿಟಕಿಯ ಬಳಿ ನಿಂತರು. ನಾನು ದುಆ ಮಾಡುತ್ತಾ ಕುಳಿತೆ. ಬೆಳಿಗ್ಗೆ ಫೋನ್ ಬಂತು. "ಅಮ್ಮಿ, ಜೋರು ಮಳೆ. ಪಕ್ಕದ ಗುಡಾರ ಸೋರಿ ಇಬ್ಬರು ನಮ್ಮಲ್ಲಿಗೇ ಬಂದರು. ನಾಲ್ಕು ಜನ ಕೂತೇ ಬೆಳಗು ಮಾಡಿದ್ವಿ. ಒಂದು ಹನಿ ಒಳಗೆ ಬರಲಿಲ್ಲ!" ಇವರು ಫೋನ್ ಕಸಿದುಕೊಂಡು ಕೇಳಿದ್ದು ಒಂದೇ: "ಊಟ ಮಾಡಿದ್ಯಾ?"

ಬಂದ ದಿನವೇ ಗುಡಾರವನ್ನು ಮಾಳಿಗೆಯ ಮೇಲೆ ಹರಡಿಸಿದೆ. ಒದ್ದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಒಳಗಿನ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹೊರಪದರವನ್ನು ನೆರಳಿನಲ್ಲಿ ಒಣಹಾಕಿ, ಒಳಪದರವನ್ನು ಕೋಲು ಸಿಕ್ಕಿಸಿ ನಿಲ್ಲಿಸಿದಳು ಮಗಳು. "ಅಮ್ಮಿ, ಒಳಗೆ ಬಾ" ಎಂದಳು.

ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಹೋಗಿ ಮಲಗಿದೆ. ಪರದೆಯಾಚೆ ಆಕಾಶ ಕಾಣುತ್ತಿತ್ತು. ಎಂಟನೇ ತರಗತಿಯ ಹುಡುಗಿಗೆ ಸಿಗದ ರಾತ್ರಿಯ ಬದಲು ನಲವತ್ತಾರನೇ ವಯಸ್ಸಿಗೆ ಒಂದು ಮಧ್ಯಾಹ್ನ ಸಿಕ್ಕಿತ್ತು. ಕಣ್ಣು ಒದ್ದೆಯಾಯಿತು.

ಹೊರಗೆ ಅತ್ತೆಯ ದನಿ ಕೇಳಿತು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. "ಸ್ವಲ್ಪ ಸರಿಯೇ. ನನಗೂ ಜಾಗ ಆಗುತ್ತೋ ನೋಡೋಣ" ಎಂದರು.

ಮೂವರ ಗುಡಾರ ತಂದದ್ದು ಒಳ್ಳೆಯದೇ ಆಯಿತು.