ಕಲ್ಕೆರೆಯ ದಡದಲ್ಲಿ ಗಾಳ

ಬಾಣಸವಾಡಿಯಿಂದ ಹೊರಮಾವನ್ನು ದಾಟಿ ಈಶಾನ್ಯಕ್ಕೆ ಹೋದರೆ ಕಲ್ಕೆರೆಯ ಕೆರೆಯು ಕಾಣುವುದು. ಇಂತಹ ಜೊಂಡು ಬೆಳೆದ ಕೆರೆಗಳೇ ಕೊರವ ಮೀನಿನ ನೆಲೆ. ಅಪ್ಪಣೆಯುಳ್ಳೆಡೆ ಹಗುರವಾದ ಗಾಳದ ಕೋಲನ್ನು ಹಿಡಿಯುವವರಿಗೆ ನಾವು ಎರಡು ಮಾತು ಹೇಳುವೆವು. ನೈಲಾನಿನ ಒಂಟಿ ಎಳೆಯು ಜಗ್ಗಿದರೆ ಹಿಗ್ಗುವುದು. 10 ಪೌಂಡು ತಾಳುವ ಹೆಣೆದ ದಾರವು ತೆಳುವಾದರೂ ಹಿಗ್ಗದು, ಜೊಂಡಿನೊಳಗಿಂದ ಮೀನನ್ನು ಸೆಳೆಯಲು ಅದೇ ಲೇಸು. ಹುಸಿ ಎರೆಯಾಗಿ 10 ಗ್ರಾಂ ಮೀರದ ಮೆತ್ತನೆಯ ರಬ್ಬರ್ ಕಪ್ಪೆ ಸಾಕು. ಕೊಕ್ಕೆಯು ಅದರ ಮೈಗೆ ಒತ್ತಿಕೊಂಡಿರುವುದರಿಂದ ಗಿಡಗಳಿಗೆ ಸಿಕ್ಕದು. ಕೊರವವು ಉಸಿರಾಡಲು ಮೇಲೇಳುವ ಮೀನು. ಅದು ಎದ್ದ ಕಡೆಯೇ ಕಪ್ಪೆಯನ್ನು ಎಸೆಯತಕ್ಕದ್ದು.

ಆದರೆ ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ದಾರವನ್ನು ಸುತ್ತಿಡಬೇಕು. ಆಗ ಹಿರಿಯ ಮೀನು ಕಪ್ಪೆಯ ಮೇಲೆ ಎರಗುವುದು ಹಸಿವಿನಿಂದಲ್ಲ, ಮರಿಗಳ ಕಾವಲಿಗಾಗಿ. ಅದನ್ನು ಹಿಡಿದೊಯ್ದರೆ ಮರಿಗಳು ಇತರ ಮೀನುಗಳ ಪಾಲಾಗುವುವು.