ತುಂಗೆಯ ಚೊಗರು, ಭದ್ರೆಯ ಕಬ್ಬಿಣ

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಇರುವುದು ಸುಮಾರು 12 ಮೈಲಿಗಳ ದಾರಿ. ಒಂದು ತುಂಗೆಯ ದಡದ ಊರು, ಇನ್ನೊಂದು ಭದ್ರೆಯ ದಡದ್ದು. ಆ ನದಿಗಳು ಕೂಡಲಿಯಲ್ಲಿ ಸೇರುವಂತೆ ಈ ಊರುಗಳ ಸರಕೂ ಒಂದು ಬಣ್ಣದ ಪಾತ್ರೆಯಲ್ಲಿ ಸೇರುವುದನ್ನು ನಾವು ಕಳೆದ ಮಾರ್ಗಶಿರದಲ್ಲಿ ಕಂಡೆವು. ಉಣ್ಣೆ ಹೆಣೆಯುವ ಮನೆಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆಯುತ್ತೇವೆ.

ಶಿವಮೊಗ್ಗೆ ಅಡಿಕೆಯ ಪೇಟೆ. ಎಳೆಯಡಿಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಕಷಾಯಕ್ಕೆ ಚೊಗರೆಂದು ಹೆಸರು. ಇದೇ ಜಿಲ್ಲೆಯ ಭೀಮನಕೋಣೆಯಲ್ಲಿ ಚರಕವೆಂಬ ಮಹಿಳೆಯರ ಸಹಕಾರ ಸಂಘವು ಹತ್ತಿಯ ಕೈಮಗ್ಗದ ಬಟ್ಟೆಗೆ ಈ ಬಣ್ಣವನ್ನು ಬಳಸಿ ಹೆಸರಾಗಿದೆ. ನಮ್ಮ ತಂಗಿಯ ಕೋರಿಕೆಯಂತೆ ನಾವು ಒಂದು ಡಬ್ಬಿ ಗಟ್ಟಿ ಚೊಗರನ್ನು ಹಿಡಿದು ರೈಲು ಹತ್ತಿದೆವು.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಕೆಲಸಕ್ಕೆ ತೊಡಗಿದಾಗ ಕುಲುಮೆಗೆ ಮಲೆನಾಡಿನ ಮರದ ಇದ್ದಿಲೇ ಆಹಾರವಾಗಿತ್ತು. ತಂಗಿಯ ಯಜಮಾನರು ಆ ಕಾರ್ಖಾನೆಯಲ್ಲಿ ದುಡಿದು, ಈಗ ಕಾಲವಾಗಿದ್ದಾರೆ.

ಊರಿನ ಹೊರಗೆ, ಕೊಯ್ಲಾದ ಗದ್ದೆಯಲ್ಲಿ ಗೊಬ್ಬರಕ್ಕಾಗಿ ಕುರಿಮಂದೆಯನ್ನು ನಿಲ್ಲಿಸಿದ್ದರು. ಉಣ್ಣೆಯ ಬೆಲೆಯನ್ನು ಕೇಳಿದೆವು. “ಬೆಲೆ ಎಲ್ಲಿಯದು ಸ್ವಾಮೀ? ಕತ್ತರಿಸಿದ ಕೂಲಿಯೂ ಹುಟ್ಟೋದಿಲ್ಲ” ಎಂದನು ಕುರುಬ. ಕಂಬಳಿ ನೇಯುವವರು ಕಡಿಮೆಯಾದರು. ಪೇಟೆಯಲ್ಲಿ ‘ಉಲ್ಲನ್’ ಎಂದು ಮಾರುವ ದಾರವಾದರೋ ಬಹುಮಟ್ಟಿಗೆ ಅಕ್ರಿಲಿಕ್. ಅದಕ್ಕೂ ಕುರಿಗೂ ನಂಟಿಲ್ಲ. ಊರ್ಣಾ ಶಬ್ದದ ತದ್ಭವವಾದ ಉಣ್ಣೆ ಎಂಬ ಮಾತು ಉಳಿದು ವಸ್ತುವು ಮಾತ್ರ ಹೋಗುವುದು ಖೇದದ ಸಂಗತಿ.

ತಂಗಿಯು ಹಿಂದಿನ ವರ್ಷವೇ ಇಂಥ ಮಂದೆಯಿಂದ ಬಿಳಿಯ ಉಣ್ಣೆಯನ್ನು ಕೊಂಡು, ತೊಳೆದು, ಹಿಂಜಿ, ರಾಟೆಯಲ್ಲಿ ನೂತು ಲಡಿ ಮಾಡಿದ್ದಳು. ಎಳೆಗಳನ್ನು ಬಾಚಿ ಒಂದೇ ಸಾಲಿಗೆ ತಂದು ನೂತರೆ ನೂಲು ನುಣುಪಾಗಿ ಬಿಗಿಯಾಗುತ್ತದೆ. ಹಿಂಜಿದ ಎಳೆಗಳನ್ನು ಹಾಗೆಯೇ ನೂತರೆ ಅವುಗಳ ನಡುವೆ ಗಾಳಿ ನಿಂತು ನೂಲು ಹಗುರವಾಗಿ ಬೆಚ್ಚಗಿರುತ್ತದೆ.

ಮೊದಲು ಲಡಿಗಳನ್ನು ನೀರಿನಲ್ಲಿ ನೆನೆಸಿ, ಚೊಗರಿನಲ್ಲಿಟ್ಟು ನಿಧಾನವಾಗಿ ಕಾಯಿಸಿದಳು. ಉಣ್ಣೆಯು ಕಾವಿಯ ಬಣ್ಣವಾಯಿತು. ಆಮೇಲೆ ಒಂದು ಭರಣಿಯನ್ನು ತಂದಳು. ಅದರಲ್ಲಿ ಬೆಲ್ಲದ ನೀರಿನೊಡನೆ ವಾರಗಟ್ಟಲೆ ಹುಳಿಬಂದ ತುಕ್ಕು ಮೊಳೆಗಳಿದ್ದವು. “ಅಣ್ಣಯ್ಯ, ಇವು ಅವರ ಪೆಟ್ಟಿಗೆಯಲ್ಲಿದ್ದವು. ಎಸೆಯಲು ಮನಸ್ಸು ಬರಲಿಲ್ಲ” ಎಂದಳು. ಆ ರಸವನ್ನು ಸ್ವಲ್ಪವೇ ಬೆರೆಸಿದ ನೀರಿನಲ್ಲಿ ಅರ್ಧದಷ್ಟು ಲಡಿಗಳನ್ನು ಅದ್ದಲು, ಕಾವಿಯು ನಮ್ಮ ಕಣ್ಣೆದುರಿಗೇ ಮಳೆಮೋಡದ ಬಣ್ಣಕ್ಕೆ ತಿರುಗಿತು. ಒಗರು ಕಬ್ಬಿಣದೊಡನೆ ಕೂಡಿದರೆ ಕಪ್ಪಾಗುತ್ತದೆ. ಅಳಲೆಕಾಯಿ, ಅನ್ನಭೇದಿಗಳಿಂದ ಹಿರಿಯರು ಮಸಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ.

ಹೆಣೆಯುವವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಉಣ್ಣೆಯನ್ನು ಕುದಿಸಿ ಕಲಕಬಾರದು, ಬಿಸಿಯಿಂದ ತಣ್ಣೀರಿಗೆ ಹಾಕಲೂಬಾರದು. ಎಳೆಗಳು ಗಂಟಾಗಿ ಕುಗ್ಗುತ್ತವೆ. ಕಬ್ಬಿಣದ ರಸ ಹೆಚ್ಚಾದರೆ ನೂಲು ಒರಟಾಗಿ ಜೀರ್ಣವಾಗುತ್ತದೆ. ಕೈಬಣ್ಣದ ಲಡಿ ಒಂದರಂತೆ ಇನ್ನೊಂದಿರದು. ಆದಕಾರಣ ಎರಡು ಉಂಡೆಗಳನ್ನಿಟ್ಟುಕೊಂಡು ಎರಡೆರಡು ಸಾಲಿಗೆ ಬದಲಿಸುತ್ತ ಹೆಣೆದರೆ ಪಟ್ಟೆ ಕಾಣಿಸದು. ಈ ಉಣ್ಣೆ ಮೈಗೆ ಚುಚ್ಚುವುದರಿಂದ ಅಂಗಿಯ ಮೇಲೆ ತೊಡುವ ಸ್ವೆಟರಿಗೆ ತಕ್ಕುದು, ಕೂಸಿನ ಕುಲಾವಿಗಲ್ಲ.

ಸಾಹಿತ್ಯದರ್ಪಣದಲ್ಲಿ ವಿಶ್ವನಾಥನು ಅನುರಾಗವನ್ನು ಬಣ್ಣಗಳಿಗೆ ಹೋಲಿಸಿ ಮೂರು ಬಗೆಯಾಗಿ ಹೇಳುತ್ತಾನೆ: ಕುಸುಂಭೆಯದು ಹೊಳೆದರೂ ಅಳಿಯುತ್ತದೆ, ನೀಲಿಯದು ಹೆಚ್ಚು ಹೊಳೆಯದು, ಆದರೆ ಅಳಿಯದು, ಮಂಜಿಷ್ಠೆಯದು ಹೊಳೆಯುತ್ತದೆ, ಅಳಿಯುವುದೂ ಇಲ್ಲ. ತಂಗಿಯು ಮೊಮ್ಮಗನಿಗೆಂದು ಹೆಣೆಯತೊಡಗಿದ ಆ ಮೋಡದ ಬಣ್ಣವನ್ನು ನಾವು ನೀಲಿಯ ಪಂಗಡಕ್ಕೆ ಸೇರಿಸಿದೆವು. ನಮ್ಮ ಮನೆಗಳು ವರ್ಷಕ್ಕೊಂದು ಸ್ವೆಟರಿನಷ್ಟು ಉಣ್ಣೆಯನ್ನು ಕುರುಬನ ಕೈಯಿಂದಲೇ ಕೊಂಡರೆ, ಅವನಿಗೆ ಕತ್ತರಿಸಿದ ಕೂಲಿಯಾದರೂ ಹುಟ್ಟೀತು.