ಕ್ರಾಕೆಟ್ ದ್ವೀಪದ 127 ಜನ

ದೆವ್ವದ ಕಥೆಯೆಂದರೆ ಮೂಗು ಮುರಿಯುವ ನನ್ನ ಬಂಧುಗಳಿಗೆ ಮೊದಲೇ ಹೇಳಿಬಿಡುತ್ತೇನೆ: ಇಂದು ಬರೆಯಲು ಹೊರಟಿರುವುದು ಅಂಥದೊಂದರ ಕುರಿತಾಗಿಯೇ. 2021ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಮಿಡ್‌ನೈಟ್ ಮಾಸ್’ ಎಂಬ ಧಾರಾವಾಹಿ; ನಿರ್ದೇಶಕ ಮೈಕ್ ಫ್ಲ್ಯಾನಗನ್. ಒಟ್ಟು 7 ಕಂತುಗಳು. ಒಂದೊಂದಕ್ಕೂ ಬೈಬಲ್ಲಿನ ಭಾಗವೊಂದರ ಹೆಸರು. ಆದಿಕಾಂಡದಿಂದ ಆರಂಭ, ಪ್ರಕಟನೆಯಲ್ಲಿ ಮುಕ್ತಾಯ. ಕಥೆಯ ಅಂತ್ಯವನ್ನೂ ಇಲ್ಲಿ ಹೇಳಲಿದ್ದೇನೆ. ನೋಡಬೇಕೆಂದಿರುವವರು ನೋಡಿಯೇ ಬಂದು ಓದಿರಿ.

ಕ್ರಾಕೆಟ್ ಎಂಬುದು ಅಮೆರಿಕದ ಒಂದು ಕಲ್ಪಿತ ದ್ವೀಪ. ಮೀನುಗಾರಿಕೆಯೇ ಅದರ ಜೀವನಾಧಾರ. ಕಡಲಿಗೆ ತೈಲ ಸೋರಿದ ದುರಂತದ ಬಳಿಕ ಮೀನೂ ಇಲ್ಲ, ದುಡಿಮೆಯೂ ಇಲ್ಲ, ಹೋಗಬಲ್ಲವರೆಲ್ಲ ಹೋಗಿಯಾಗಿದೆ. ಉಳಿದವರು 127 ಮಂದಿ. ಕುಡಿದು ಕಾರು ಓಡಿಸಿ ಒಬ್ಬ ತರುಣಿಯ ಸಾವಿಗೆ ಕಾರಣನಾದ ರೈಲಿ ಎಂಬಾತ ನಾಲ್ಕು ವರ್ಷ ಸೆರೆಮನೆಯಲ್ಲಿದ್ದು ಇದೇ ಊರಿಗೆ ಮರಳುತ್ತಾನೆ. ಅದೇ ವೇಳೆಗೆ ಪಾಲ್ ಎಂಬ ತರುಣ ಪಾದ್ರಿಯೂ ಬರುತ್ತಾನೆ. ಯಾತ್ರೆಗೆ ಹೋದ ವೃದ್ಧ ಪಾದ್ರಿ ಅಸ್ವಸ್ಥರೆಂದೂ, ತಾನು ತಾತ್ಕಾಲಿಕವಾಗಿ ಬಂದವನೆಂದೂ ಹೇಳುತ್ತಾನೆ. ಬಳಿಕ ಪವಾಡಗಳು. ಗಾಲಿಕುರ್ಚಿಯಲ್ಲಿದ್ದ ಹುಡುಗಿ ಲೀಸಾ ಎದ್ದು ನಡೆಯುತ್ತಾಳೆ. ಮುಪ್ಪಾದವರ ಬೆನ್ನುನೋವು ಮಾಯವಾಗುತ್ತದೆ. ಖಾಲಿ ಚರ್ಚು ತುಂಬುತ್ತದೆ.

ಆ ಪಾದ್ರಿಯೇ ಹಳೆಯ ವೃದ್ಧ. ನೆನಪು ಮಾಸಿ ದಾರಿ ತಪ್ಪಿದವನು ಮರುಭೂಮಿಯ ಗುಹೆಯೊಂದರಲ್ಲಿ ರಕ್ತ ಹೀರುವ ರೆಕ್ಕೆಯ ಜೀವಿಗೆ ಸಿಕ್ಕಿ, ಅದರ ರಕ್ತದಿಂದ ಯೌವನ ಪಡೆದು, ಅದನ್ನು ದೇವದೂತನೆಂದೇ ನಂಬಿ ಊರಿಗೆ ತಂದಿದ್ದಾನೆ. ಪೂಜೆಯ ದ್ರಾಕ್ಷಾರಸದಲ್ಲಿ ಆ ರಕ್ತ ಬೆರೆಯುತ್ತಿದೆ. ಇಡೀ ಕಥೆಯಲ್ಲಿ ‘ವ್ಯಾಂಪೈರ್’ ಎಂಬ ಪದ ಒಮ್ಮೆಯೂ ಕೇಳಿಬರುವುದಿಲ್ಲ. ನನಗೆ ಇದು ಬಹಳ ಹಿಡಿಸಿತು. ನಂಬಿದವರ ಕಣ್ಣಿಗೆ ಅದು ದೇವದೂತನಾಗಿರುವಾಗ ಬೇರೆ ಹೆಸರು ಬರುವುದಾದರೂ ಎಲ್ಲಿಂದ? ಪಾದ್ರಿಯೂ ದುಷ್ಟನಲ್ಲ. ಯೌವನದಲ್ಲಿ ಗುಟ್ಟಾಗಿ ಪ್ರೀತಿಸಿದ ಹೆಂಗಸು ಈಗ ಮರೆವಿನ ರೋಗದಲ್ಲಿ ಕರಗುತ್ತಿದ್ದಾಳೆ. ಅವರ ಮಗಳೇ ದ್ವೀಪದ ವೈದ್ಯೆ. ಕಳೆದುಹೋದ ಸಂಸಾರಕ್ಕೆ ಎರಡನೆಯ ಅವಕಾಶ ಬೇಡಿದ ಮುದುಕನ ಆಸೆಯಿಂದ ಒಂದು ಊರೇ ಸಾಯುತ್ತದೆ.

ನನ್ನನ್ನು ಬೆದರಿಸಿದ್ದು ಆ ರೆಕ್ಕೆಯ ಜೀವಿಯಲ್ಲ, ಬೆವ್ ಕೀನ್ ಎಂಬಾಕೆ. ಚರ್ಚಿನ ಸಕಲ ಕಾರ್ಯಕ್ಕೂ ಮುಂದಾಳು, ಎಲ್ಲ ಮಾತಿಗೂ ನಾಲಗೆಯ ತುದಿಯಲ್ಲಿ ಒಂದು ಶ್ರುತಿವಾಕ್ಯ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಬೈಬಲ್ ಹಂಚುತ್ತಾಳೆ. ದ್ವೀಪದ ಪೊಲೀಸ್ ಅಧಿಕಾರಿ ಹಸನ್ ಮುಸ್ಲಿಮ. ಅವನ ಮಗ ಅಲಿಯೂ ಆ ಶಾಲೆಯವನೇ. ಪೋಷಕರ ಸಭೆಯಲ್ಲಿ ಹಸನ್ ಎದ್ದು ಅತ್ಯಂತ ವಿನಯದಿಂದ ಆಕ್ಷೇಪಿಸುತ್ತಾನೆ. ಯೇಸುವನ್ನು ತಾವೂ ಪ್ರವಾದಿಯೆಂದು ಗೌರವಿಸುತ್ತೇವೆ, ಆದರೆ ಎಲ್ಲರ ಮಕ್ಕಳೂ ಬರುವ ಶಾಲೆಯಲ್ಲಿ ಇದು ಸಲ್ಲದು ಎಂಬುದು ಅವನ ವಾದದ ತಿರುಳು. ಬೆವ್ ನಗುತ್ತಲೇ ಉತ್ತರಿಸುತ್ತಾಳೆ. ಸಭೆಯ ಒಲವು ಆಕೆಯ ಕಡೆಗೇ. ಪೋಷಕರ ಸಭೆಗಳಲ್ಲಿ ಎಷ್ಟೋ ವರ್ಷ ಕುಳಿತವನು ನಾನು. ಅಲ್ಲಿ ಗೆಲ್ಲುವುದು ನ್ಯಾಯವಾದ ಮಾತೋ ಅಥವಾ ಹೆಚ್ಚು ಜನರಿಗೆ ಹಿತವಾದ ಮಾತೋ ಎಂಬುದನ್ನು ಬಲ್ಲೆ. ರಕ್ತದ ಒಂದು ಹನಿಯೂ ಇಲ್ಲದ ಆ ದೃಶ್ಯವನ್ನು ಎರಡು ಸಲ ನೋಡಿದೆ.

ದೋಷಗಳಿಲ್ಲವೆಂದಲ್ಲ. ಪಾತ್ರಗಳು ನಿಂತಲ್ಲೇ ಪುಟಗಟ್ಟಲೆ ಭಾಷಣ ಮಾಡುತ್ತವೆ. (ಮೇಷ್ಟರ ಬಾಯಲ್ಲಿ ಈ ದೂರೇ ಎಂದು ನೀವು ನಗಬಹುದು!) ತರುಣ ನಟನಟಿಯರಿಗೆ ಮುದುಕರ ವೇಷ ಹಾಕಿರುವುದು ಕಣ್ಣಿಗೆ ಹೊಡೆಯುವುದರಿಂದ ಗುಟ್ಟು ಮೊದಲೇ ಬಯಲಾಗುತ್ತದೆ. ಆದರೂ ಬರೆದವನು ಉಂಡ ಅನ್ನವೇ ಇದು. ಫ್ಲ್ಯಾನಗನ್ ಬಾಲ್ಯದಲ್ಲಿ ಚರ್ಚಿನ ಪೂಜೆಗೆ ನೆರವಾಗುತ್ತಿದ್ದ ಹುಡುಗ. ಮುಂದೆ ಕುಡಿತದಿಂದ ಬಿಡಿಸಿಕೊಂಡು ಬಂದವನು. 2016ರ ‘ಹಶ್’ ಚಿತ್ರದ ಲೇಖಕಿ ಬರೆದ ಪುಸ್ತಕಕ್ಕೂ ‘ಮಿಡ್‌ನೈಟ್ ಮಾಸ್’ ಎಂದೇ ಹೆಸರಿಟ್ಟಿದ್ದ. ಅಷ್ಟು ಕಾಲ ಈ ಕಥೆ ಅವನನ್ನು ಬಿಟ್ಟಿರಲಿಲ್ಲ.

ರೈಲಿಗೆ ಪ್ರತಿರಾತ್ರಿ ಕಣ್ಣು ಮುಚ್ಚುವ ಮುನ್ನ ಸತ್ತ ಹುಡುಗಿ ಕಾಣಿಸುತ್ತಾಳೆ, ಮುಖದ ತುಂಬ ಮಿನುಗುವ ಗಾಜಿನ ಚೂರುಗಳೊಂದಿಗೆ. ಮುಂದೆ ಅವನೂ ಆ ಪಿಡುಗಿಗೆ ಬಲಿಯಾಗುತ್ತಾನೆ. ಆಗ ಅವನು ಬಾಲ್ಯದ ಗೆಳತಿ ಎರಿನ್‌ಳನ್ನು ದೋಣಿಯಲ್ಲಿ ನಡುಗಡಲಿಗೆ ಕರೆದೊಯ್ದು, ನಡೆದುದೆಲ್ಲವನ್ನೂ ಹೇಳಿ, ಸೂರ್ಯೋದಯಕ್ಕಾಗಿ ಕಾಯುತ್ತಾನೆ. ಬಿಸಿಲು ತನ್ನನ್ನು ಸುಡುವುದೆಂದು ಬಲ್ಲ. ಓಡಿಹೋಗಲು ತನಗೇ ಜಾಗವಿರಬಾರದೆಂದು ದೋಣಿಯನ್ನು ಆರಿಸಿಕೊಂಡಿದ್ದಾನೆ. ಬೆಳಕು ಹರಿದಾಗ ಆ ಹುಡುಗಿ ಗಾಯವಿಲ್ಲದ ಮುಖದಿಂದ ಕೈ ಚಾಚುತ್ತಾಳೆ.

ಕೊನೆಯ ಬೆಳಗಿಗೆ ದ್ವೀಪದಲ್ಲಿ ಒಂದು ಸೂರೂ ಉಳಿದಿಲ್ಲ, ಎಲ್ಲವೂ ಭಸ್ಮ. ಜನ ಒಟ್ಟಾಗಿ ನಿಂತು ಹಾಡುತ್ತಾರೆ. ಹಸನ್ ಮತ್ತು ಅಲಿ ಮರಳಿನ ಮೇಲೆ ಅಕ್ಕಪಕ್ಕದಲ್ಲಿ ನಮಾಜು ಮಾಡುತ್ತಾರೆ. ಬೆವ್ ಒಬ್ಬಳೇ ಬರಿಗೈಯಿಂದ ಮರಳು ತೋಡುತ್ತಾಳೆ, ಬಿಸಿಲಿನಿಂದ ಅಡಗಿಕೊಳ್ಳಲು. ದೂರ ನೀರಿನಲ್ಲಿ ಸಣ್ಣ ದೋಣಿಯೊಂದರಲ್ಲಿ ಇಬ್ಬರು ಮಕ್ಕಳು ಬದುಕಿ ಉಳಿದಿದ್ದಾರೆ. ಅವರಲ್ಲೊಬ್ಬಳು ಲೀಸಾ. ತನ್ನ ಕಾಲುಗಳ ಸ್ಪರ್ಶವೇ ತಿಳಿಯುತ್ತಿಲ್ಲವೆಂದು ಮೆಲ್ಲಗೆ ಹೇಳುತ್ತಾಳೆ.